ಐವತ್ತು ಮೀಟರಿನಾಚೆ

ಮಗು ದುಂಡಗಿದ್ದರೆ ಲಟಿಕೆ ಮುರಿದು ದೃಷ್ಟಿ ತೆಗೆಯುವ ತಾಯಂದಿರು ಅನೇಕರು. ಆದರೆ ವಯಸ್ಸಿಗೂ ಎತ್ತರಕ್ಕೂ ಮೀರಿದ ತೂಕವು ಮುಂದೆ ಮಧುಮೇಹ, ರಕ್ತದೊತ್ತಡಗಳಿಗೆ ದಾರಿ ಮಾಡಿಕೊಡಬಲ್ಲುದೆಂಬುದು ವೈದ್ಯರ ಎಚ್ಚರಿಕೆ.

ಕೊಬ್ಬು, ಉಪ್ಪು, ಸಕ್ಕರೆಗಳು ಮಿತಿಮೀರಿದ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಅದರ ಬಾಗಿಲಿನಿಂದ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರಕೂಡದೆಂದು 2020ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ನಿಯಮ ಮಾಡಿತು. ಅದರಾಚೆಯ ಕಾವಲು ತಾಯಿತಂದೆಗಳದು.

ಆ ಕಾವಲೇ ಎಷ್ಟೋ ಮನೆಗಳಲ್ಲಿ ಸಡಿಲ. ಅತ್ತರೆ ಬಿಸ್ಕತ್ತು, ಅಂಕ ಬಂದರೆ ಚಾಕೊಲೇಟು, ಹಬ್ಬದ ಊಟದ ಮೇಲೆ ಬಣ್ಣದ ಪಾನೀಯ! 300 ಮಿಲಿಲೀಟರಿನ ಕೋಲಾ ಸೀಸೆಯೊಂದರಲ್ಲಿ ಸುಮಾರು 30 ಗ್ರಾಂ, ಅಂದರೆ ಏಳು ಚಮಚದಷ್ಟು, ಸಕ್ಕರೆ ಅಡಗಿರುತ್ತದೆ. ಯಾವ ತಾಯಿಯಾದರೂ ಅಷ್ಟು ಸಕ್ಕರೆಯನ್ನು ಒಂದು ಲೋಟ ಹಾಲಿಗೆ ಸುರಿದಾಳೆಯೇ?

ಮಗುವನ್ನು ಹಂಗಿಸಿ ಫಲವಿಲ್ಲ. ಉಪವಾಸ ಕೆಡಹುವುದು ಅಪಾಯ. ತಿಂಡಿಯನ್ನು ಲಂಚವಾಗಿಯೂ ಬಹುಮಾನವಾಗಿಯೂ ಕೊಡುವುದನ್ನು ಮೊದಲು ನಿಲ್ಲಿಸಬೇಕು. ಹೊಟ್ಟೆ ತುಂಬಿತೆಂದ ಮಗುವಿಗೆ ಮತ್ತೊಂದು ತುತ್ತಿನ ಬಲವಂತವೂ ಬೇಡ. ಸೀಬೆಹಣ್ಣು, ಕೋಸಂಬರಿ, ಹುರಿಗಡಲೆ, ಮಜ್ಜಿಗೆಗಳು ಮನೆಮಂದಿಗೆಲ್ಲ ಒಂದೇ ಆಗಿರಲಿ; ದಿನಕ್ಕೊಂದು ಗಂಟೆ ಓಡಿಯಾಡಲು ಮಗುವಿಗೆ ಬಿಡುವಿರಲಿ. ಅಪ್ಪನ ಕೈಯಲ್ಲಿ ಚಿಪ್ಸ್ ಪೊಟ್ಟಣವಿರುವಾಗ ಆತನ ಉಪದೇಶ ಮಗುವಿನ ಕಿವಿಗೆ ಬೀಳದು.