ಛಾಯಾಚಿತ್ರದ ಎರಡನೆಯ ದೃಷ್ಟಿ

ಹುಬ್ಬಳ್ಳಿ-ಧಾರವಾಡಗಳ ಕಲ್ಯಾಣಮಂಟಪಗಳಲ್ಲಿ ಅಕ್ಷತೆ ಬಿದ್ದು, ಬೀಗರ ಊಟವು ಸಾಂಗವಾಗಿ ನೆರವೇರಿ, ಬಂಧುಬಳಗದವರು ತಮ್ಮ ತಮ್ಮ ಊರುಗಳಿಗೆ ಹೊರಟುಹೋದ ಮೇಲೆ, ಎಲ್ಲರ ಕಾರ್ಯವೂ ಮುಗಿದಂತೆ ತೋರುವ ಹೊತ್ತಿನಲ್ಲಿ ಛಾಯಾಗ್ರಾಹಕನ ಕಾರ್ಯದ ಉತ್ತರಾರ್ಧವು ಆರಂಭವಾಗುವುದು. ಅರಿಷಿಣ, ಸುರಗಿಗಳಿಂದ ಮೊದಲ್ಗೊಂಡು ಆರತಕ್ಷತೆಯವರೆಗೆ ಅವನ ಡಿಜಿಟಲ್ ಕ್ಯಾಮೆರಾ ಸಂಗ್ರಹಿಸಿದ ಚಿತ್ರಗಳು ಎಷ್ಟೋ ವೇಳೆ ಸಾವಿರಗಳನ್ನು ಮುಟ್ಟುವುವು. ಆಲ್ಬಮ್ಮಿನಲ್ಲಿ ಎಡೆ ದೊರೆಯುವುದು ಕೆಲವು ನೂರಕ್ಕೆ ಮಾತ್ರ. ಸ್ಟುಡಿಯೋದವರು ‘ಸೆಲೆಕ್ಷನ್’ ಎಂದು ಸರಳವಾಗಿ ಕರೆಯುವ ಈ ಆಯ್ಕೆಯು ಚಿತ್ರ ತೆಗೆಯುವುದಕ್ಕಿಂತ ಕಿರಿದಾದ ವಿದ್ಯೆಯಲ್ಲ.

ಫಿಲ್ಮಿನ ಕಾಲದಲ್ಲಿ ಸುರುಳಿಯೊಂದಕ್ಕೆ 36 ಚಿತ್ರಗಳು, ಚೌಕಾಕಾರದ ದೊಡ್ಡ ನೆಗೆಟಿವ್ ಆದರೆ 12 ಮಾತ್ರ. ಆದಕಾರಣ ವ್ಯಯದ ಭಯವೇ ಗುಂಡಿಯೊತ್ತುವ ಬೆರಳಿಗೆ ಸಂಯಮವನ್ನು ಕಲಿಸುತ್ತಿತ್ತು. ಆದರೂ ಶ್ರೇಷ್ಠರಾದವರು ಆಗಲೂ ಬಹಳ ತೆಗೆದು ಸ್ವಲ್ಪವನ್ನೇ ಉಳಿಸಿಕೊಂಡರು. ರಾಬರ್ಟ್ ಫ್ರಾಂಕ್ ಅಮೆರಿಕವನ್ನೆಲ್ಲ ಸುತ್ತಿ ತೆಗೆದ ಸುಮಾರು 28,000 ಚಿತ್ರಗಳಲ್ಲಿ 83ನ್ನು ಮಾತ್ರ ಆಯ್ದು 1958ರಲ್ಲಿ ಗ್ರಂಥವಾಗಿಸಿದನು. ಎಡ್ವರ್ಡ್ ಸ್ಟೈಕನ್ 1955ರಲ್ಲಿ ನ್ಯೂಯಾರ್ಕಿನಲ್ಲಿ ಏರ್ಪಡಿಸಿದ ‘ಮಾನವ ಕುಟುಂಬ’ ಪ್ರದರ್ಶನದಲ್ಲಿ ತೂಗಿದ್ದು, ಸುಮಾರು ಇಪ್ಪತ್ತು ಲಕ್ಷ ಚಿತ್ರಗಳಿಂದ ಹೆಕ್ಕಿ ತೆಗೆದ 503 ಮಾತ್ರ. ಅವರ ಕೀರ್ತಿಯು ಕೈಬಿಟ್ಟ ಚಿತ್ರಗಳ ಮೇಲೆಯೂ ನಿಂತಿದೆಯೆಂದರೆ ತಪ್ಪಾಗದು.

ಈ ಕಾರ್ಯಕ್ಕೆ ಒಂದು ಕ್ರಮವುಂಟು. ಮೊದಲ ಸುತ್ತಿನಲ್ಲಿ ಅಲುಗಿದವು, ಮಸುಕಾದವು, ಫ್ಲಾಶ್ ಹತ್ತದೆ ಕತ್ತಲಾದವು ಇವುಗಳನ್ನಷ್ಟೆ ಬೇರ್ಪಡಿಸತಕ್ಕದ್ದು; ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ತಿರಸ್ಕಾರಕ್ಕೊಂದು, ಸ್ವೀಕಾರಕ್ಕೊಂದು ಬಾವುಟದ ಗುರುತೂ, ಒಂದರಿಂದ ಐದರವರೆಗಿನ ನಕ್ಷತ್ರಗಳ ಶ್ರೇಣಿಯೂ ಇರುವುದರಿಂದ, ಅಳಿಸಿಹಾಕುವ ಆತುರವಿಲ್ಲದೆ ಗುರುತಿಸುತ್ತ ಹೋಗಬಹುದು. ಎರಡನೆಯ ಸುತ್ತಿನಲ್ಲಿ ಒಂದೇ ಕ್ಷಣದ ಚಿತ್ರಗಳನ್ನು ಪಕ್ಕಪಕ್ಕದಲ್ಲಿರಿಸಿ, ಕಣ್ಣುಗಳ ಸ್ಪಷ್ಟತೆಯನ್ನು ಹಿಗ್ಗಿಸಿಯೂ, ಒಟ್ಟು ರಚನೆಯನ್ನು ಕುಗ್ಗಿಸಿಯೂ ನೋಡಬೇಕು. ಮೂರನೆಯದು, ಉಳಿದವು ಒಂದಕ್ಕೊಂದು ಹೊಂದಿ ಕಥೆಯಾಗುವಂತೆ ಜೋಡಿಸುವುದು. ಜೋಳವನ್ನು ಕೇರುವಾಗ ಹೊಟ್ಟು ಗಾಳಿಗೆ ತಾನೇ ಹಾರಿಹೋಗುವುದು. ಕಾಳಿನಲ್ಲಿಯೇ ಬೀಜಕ್ಕೆ ತಕ್ಕ ಕಾಳನ್ನು ಆರಿಸುವುದಕ್ಕೆ ರೈತಗಿತ್ತಿಯ ಕಣ್ಣು ಬೇಕು. ಕಠಿನವಾದುದು ಈ ಎರಡನೆಯ ಸುತ್ತೇ.

ಅಕ್ಷತೆ ಬೀಳುವ ಕ್ಷಣವನ್ನೇ ನೋಡಿರಿ. ಗುಂಡಿಯನ್ನು ಅದುಮಿ ಹಿಡಿದಾಗ ಹತ್ತಾರು ಚಿತ್ರಗಳು ಮೂಡುವುವು. ಒಂದರಲ್ಲಿ ಕಾಳುಗಳೆಲ್ಲ ಗಾಳಿಯಲ್ಲಿ ನಿಂತು ದೃಶ್ಯವು ಅತಿ ರಮಣೀಯವಾಗಿದ್ದರೂ ವಧುವಿನ ಮುಖವು ಮರೆಯಾಗಿರುವುದು. ಮತ್ತೊಂದರಲ್ಲಿ ಮುಖಗಳು ನಿಚ್ಚಳವಾಗಿದ್ದು ಭಾವವು ಜಾರಿಹೋಗಿರುವುದು. ಇನ್ನೊಂದರಲ್ಲಿ ವರನ ಕಣ್ಣು ಮುಚ್ಚಿರಬಹುದು, ಆದರೆ ಹಿಂದೆ ನಿಂತ ತಾಯಿಯು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿರುವಳು. ಯಂತ್ರದ ಲೆಕ್ಕವು, ಮುಚ್ಚಿದ ಕಣ್ಣು ದೋಷವೆಂಬ ಕಾರಣದಿಂದ, ಈ ಕೊನೆಯದನ್ನು ತಳ್ಳಿಹಾಕೀತು. ಆದರೆ ತಲೆಯ ಮೇಲೆ ಕಾಳು ಬೀಳುವಾಗ ಕಣ್ಣು ಮುಚ್ಚುವುದು ಸಹಜವೆಂದೂ, ಆ ತಾಯಿಯ ಕಂಬನಿಯು ಮರಳಿ ದೊರೆಯದೆಂದೂ ಬಲ್ಲ ಮನುಷ್ಯನು ಅದನ್ನೇ ಎತ್ತಿ ಹಿಡಿಯುವನು. ನಿರ್ದುಷ್ಟತೆಗಿಂತ ಜೀವಂತಿಕೆಯು ಹಿರಿದೆಂಬುದೇ ಈ ವಿದ್ಯೆಯ ತಿರುಳು.

ಇನ್ನೊಂದು ಸೂಕ್ಷ್ಮವುಂಟು. ಛಾಯಾಗ್ರಾಹಕನು ಬೆಳಕನ್ನೂ ರಚನೆಯನ್ನೂ ಅರಸಿದರೆ, ಮನೆಯವರು ಚಿತ್ರದೊಳಗೆ ಯಾರಿದ್ದಾರೆಂಬುದನ್ನು ಅರಸುವರು. ಮಂಟಪದ ಮೂಲೆಯ ಕುರ್ಚಿಯಲ್ಲಿ ಕುಳಿತ ಮುದುಕಿಯೊಬ್ಬಳ ಸಾಧಾರಣ ಚಿತ್ರವು, ಆಕೆ ಇಲ್ಲವಾದ ಬಳಿಕ, ಇಡೀ ಆಲ್ಬಮ್ಮಿನಲ್ಲಿ ಅತ್ಯಮೂಲ್ಯವಾದೀತು. ಆದುದರಿಂದ ಸ್ಟುಡಿಯೋದವನು ಮೊದಲ ಸುತ್ತನ್ನು ಮುಗಿಸಿ, ಮುಂದಿನ ಸುತ್ತಿಗೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕುಳ್ಳಿರಿಸಿಕೊಳ್ಳುವುದು ಉತ್ತಮ.

ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲಿರುವುದರಿಂದ ಈ ವಿದ್ಯೆಯು ಸ್ಟುಡಿಯೋಗಳ ಸೊತ್ತಾಗಿಯೇ ಉಳಿಯಲಾರದು. ಸಿದ್ಧಾರೂಢಮಠದ ಜಾತ್ರೆಯಲ್ಲಿ, ಉಣಕಲ್ ಕೆರೆಯ ದಂಡೆಯಲ್ಲಿ, ಮನೆಯ ನಾಮಕರಣದಲ್ಲಿ ತೆಗೆದ ಚಿತ್ರಗಳು ರಾಶಿ ರಾಶಿಯಾಗಿ ಬಿದ್ದಿದ್ದು, ಬೇಕಾದುದು ಬೇಡವಾದುದರ ಅಡಿಯಲ್ಲಿ ಹೂತುಹೋಗುತ್ತಿದೆ. ವರ್ಷಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಕುಳಿತು ಆಯ್ದು, ಆಯ್ದವುಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆಗಳಲ್ಲಿರಿಸಿ, ಪ್ರತಿ ಚಿತ್ರಕ್ಕೂ ಹೆಸರು, ಊರು, ವರ್ಷಗಳನ್ನು ಬರೆದಿಡುವುದು ಅವಶ್ಯಕ. ಏಕೆಂದರೆ ಚಿತ್ರವನ್ನು ಕಾಪಾಡುವುದಕ್ಕೆ ಯಂತ್ರವುಂಟು, ಅದರಲ್ಲಿರುವವರು ಯಾರೆಂದು ಹೇಳಬಲ್ಲವರು ಮಾತ್ರ ಕೆಲಕಾಲವಷ್ಟೆ ನಮ್ಮೊಡನಿರುವರು.