ಕಿರುಚಿ ನಕ್ಕ ಕೋಡಂಬಾಕ್ಕಂ

ಮುಖವಾಡದವನು ತೆರೆಗೆ ಬಂದದ್ದೂ ಅಕ್ಕನ ಮಗಳು ನನ್ನ ರಟ್ಟೆಗೆ ಉಗುರು ಊರಿದ್ದೂ ಒಟ್ಟಿಗೇ ಆಯಿತು. "ಚಿಕ್ಕಮ್ಮಾ, ಲೈಟ್ ಹಾಕು!" ಎಂದಳು. ಸ್ವಲ್ಪ ಹೊತ್ತಿಗೆ ಹಾಸ್ಯನಟ ನಾಗೇಶ್ ಬಂದರು ನೋಡಿ, ಅದೇ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಜೆಗೆಂದು ಬೆಂಗಳೂರಿನಿಂದ ಬಂದವಳು, ಹದಿನೇಳರ ವಯಸ್ಸು, ಅಮೆರಿಕದ ಭಯದ ಚಿತ್ರ 'ಸ್ಕ್ರೀಮ್' ಮೂರು ಸಲ ನೋಡಿದ್ದಾಳೆ. ಐವತ್ತು ವರ್ಷಕ್ಕೂ ಹಳೆಯ ತಮಿಳು ಚಿತ್ರವೊಂದು ತನ್ನನ್ನು ಹೀಗೆ ಬೆಚ್ಚಿಬೀಳಿಸುತ್ತದೆಂದು ಅವಳು ಎಣಿಸಿರಲಿಲ್ಲ.

ಚಿತ್ರ 'ಅದೇ ಕಂಗಳ್', ಅಂದರೆ ಅದೇ ಕಣ್ಣುಗಳು. 1967ರದ್ದು. ಹುಟ್ಟಿದ್ದು ಇಲ್ಲೇ ಮದ್ರಾಸಿನಲ್ಲಿ, ತಮಿಳು ಚಿತ್ರರಂಗದ ತವರಾದ ಕೋಡಂಬಾಕ್ಕಂ ಸೀಮೆಯ ಆರ್ಕಾಟ್ ರಸ್ತೆಯಲ್ಲಿ ತಿರುಗುವ ಭೂಗೋಳ ಹೊತ್ತು ನಿಂತ ಎವಿಎಂ ಸ್ಟುಡಿಯೊದವರ ಕೈಯಲ್ಲಿ. ರವಿಚಂದ್ರನ್, ಕಾಂಚನಾ, ಬಣ್ಣಬಣ್ಣದ ಉಡುಪಿನ ಹುಡುಗ ಹುಡುಗಿಯರು, ವೇದಾ ಅವರ ಪಾಶ್ಚಾತ್ಯ ಧಾಟಿಯ ಸಂಗೀತ. ಇವೆಲ್ಲದರ ನಡುವೆ ದೊಡ್ಡ ಮನೆಯೊಂದರಲ್ಲಿ ಸುಳಿದಾಡುವ ಕೊಲೆಗಾರ. ನಿರ್ದೇಶಕ ಎ.ಸಿ. ತಿರುಲೋಕಚಂದರ್ ಇದನ್ನೇ ಕೃಷ್ಣ ಅವರನ್ನು ಹಾಕಿಕೊಂಡು ತೆಲುಗಿನಲ್ಲಿ 'ಅವೇ ಕಳ್ಳು' ಎಂದು ಮಾಡಿದರು.

ಈ ಹದ ಒಂದೇ ಏಟಿಗೆ ಕೂಡಿಬಂದದ್ದಲ್ಲ. 1954ರಲ್ಲಿ ಎವಿಎಂ 'ಅಂದ ನಾಳ್' ಎಂಬ ಕೊಲೆಯ ಕಥೆ ತೆಗೆದಿತ್ತು. ನಿರ್ದೇಶಕ ಎಸ್. ಬಾಲಚಂದರ್, ವೀಣೆಯ ಮಹಾ ವಿದ್ವಾಂಸರು. ಆದರೂ ಚಿತ್ರದಲ್ಲಿ ಒಂದೂ ಹಾಡಿಲ್ಲ. ವಿಮರ್ಶಕರು ಕೊಂಡಾಡಿದರು, ಜನ ಬರಲಿಲ್ಲ. ಹದಿಮೂರು ವರ್ಷದ ಮೇಲೆ ಅದೇ ಸಂಸ್ಥೆ ಹಾಡು, ಕುಣಿತ, ನಗು ಎಲ್ಲವನ್ನೂ ಕೊಲೆಯ ಜೊತೆ ಬೆರೆಸಿತು, ಜನ ಮುಗಿಬಿದ್ದರು. ಹಾಸ್ಯ ಸೇರಿಸಿ ಭಯವನ್ನು ತೆಳ್ಳಗೆ ಮಾಡಿದರು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಕ್ಕಾಗ ಬಿಗಿಹಿಡಿದ ಉಸಿರು ಸಡಿಲವಾಗುತ್ತದೆ, ಮೈ ಮರೆಯುತ್ತದೆ. ಬಾಗಿಲು ಕಿರ್ರೆನ್ನಬೇಕಾದ್ದು ಆಗಲೇ. ನಗದವನನ್ನು ಹೆದರಿಸುವುದು ಕಷ್ಟ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗ ಅಮ್ಮನ ಸೆರಗಿಗೆ ಮುಖ ಹುದುಗಿಸಿದ ಮಗು, ಹಾಸ್ಯಗಾರ ಬಂದೊಡನೆ ಮೆಲ್ಲಗೆ ಒಂದು ಕಣ್ಣು ತೆರೆಯುತ್ತದೆ. ಯಕ್ಷಗಾನದ ಅದೇ ಕರಾವಳಿ ಸೀಮೆಯ, ಉಡುಪಿ ಬಳಿಯ ಉದ್ಯಾವರದ ಬಿ. ವಿಠಲಾಚಾರ್ಯರು ಮದ್ರಾಸಿಗೆ ಬಂದು ತೆಲುಗು ಚಿತ್ರಗಳ 'ಜಾನಪದ ಬ್ರಹ್ಮ' ಎನಿಸಿಕೊಂಡರು. ಅವರ 'ಜಗನ್ಮೋಹಿನಿ'ಯಲ್ಲಿ ದೆವ್ವ ಅಡುಗೆಗೆ ಕೂತಿದೆ. ಒಲೆಗೆ ಸೌದೆ ಇಲ್ಲ. ತನ್ನ ಕಾಲುಗಳನ್ನೇ ಒಲೆಯೊಳಗೆ ಚಾಚುತ್ತದೆ. ಅವು ಧಗಧಗ ಉರಿಯುತ್ತವೆ, ಅಡುಗೆ ಬೇಯುತ್ತದೆ. ಹೆದರಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದ ನೆನಪು ನನಗೆ ಇಂದಿಗೂ ಹಸಿಯಾಗಿದೆ. ಬಣ್ಣದ ವೇಷದ ಪಾಠ ಆಚಾರ್ಯರ ಕೈಯಲ್ಲಿ ಉಳಿದಿತ್ತು ಎಂದೇ ನನ್ನ ಎಣಿಕೆ. ಆ ಚಿತ್ರ ಬಂದದ್ದು 1978ರಲ್ಲಿ. ಅಮೆರಿಕದಲ್ಲಿ ಜಾನ್ ಕಾರ್ಪೆಂಟರ್ 'ಹ್ಯಾಲೋವೀನ್' ತೆಗೆದು, ಮುಖವಾಡದ ಚೂರಿಗಾರ ಹರೆಯದವರ ಬೆನ್ನುಹತ್ತುವ ಚಿತ್ರಗಳಿಗೆ ದಾರಿ ಮಾಡಿಕೊಟ್ಟದ್ದೂ ಅದೇ ವರ್ಷ.

ಕನ್ನಡದಲ್ಲಿ ಈ ರುಚಿ ಹಿಡಿದವರು ಉಪೇಂದ್ರ. 1993ರ 'ಶ್!'ನಲ್ಲಿ ಭೂತದ ಭಯಕ್ಕೂ ಕೊಲೆಗೂ ಸಿಕ್ಕಿಬೀಳುವುದು ಸಿನಿಮಾ ಚಿತ್ರೀಕರಣಕ್ಕೆ ಹೋದ ತಂಡವೇ. ಭಯದ ಚಿತ್ರದೊಳಗೆ ಭಯದ ಚಿತ್ರಗಳ ಬಗ್ಗೆಯೇ ಮಾತಾಡಿದ 'ಸ್ಕ್ರೀಮ್' ಬಂದದ್ದು ಅದಾಗಿ ಮೂರು ವರ್ಷಕ್ಕೆ. ಈ ಲೆಕ್ಕ ಹೇಳಿದಾಗ ಅಕ್ಕನ ಮಗಳು ಫೋನಿನಲ್ಲಿ ಇಸವಿ ನೋಡಿ ಖಾತ್ರಿ ಮಾಡಿಕೊಂಡಳು.

ಕೋಡಂಬಾಕ್ಕಂ ನೇರವಾಗಿ ಕಾಲೇಜಿನ ಅಂಗಳಕ್ಕೇ ಕೊಲೆಗಾರನನ್ನು ಬಿಟ್ಟದ್ದು 2003ರ 'ವಿಸಿಲ್'ನಲ್ಲಿ. ಜೆಡಿ ಮತ್ತು ಜೆರ್ರಿ ಜೋಡಿಯ ನಿರ್ದೇಶನ, ಇಮಾನ್ ಸಂಗೀತ. ಹಿಂದಿನ ವರ್ಷ ಕನ್ನಡದ 'ಧ್ರುವ'ದಲ್ಲಿ ದರ್ಶನ್ ಜೊತೆ ನಟಿಸಿದ್ದ ಬೆಂಗಳೂರಿನ ಶೆರಿನ್ ಇದರಲ್ಲಿದ್ದಾರೆ. ನಗಿಸುವ ಕೆಲಸ ನಾಗೇಶ್ ಕಾಲದಿಂದ ವಿವೇಕ್ ಕೈಗೆ ಬಂದಿತ್ತು. ಈ ಚಿತ್ರವನ್ನು ಮರುದಿನಕ್ಕೆ ಎತ್ತಿಟ್ಟುಕೊಂಡೆವು.

'ಅದೇ ಕಂಗಳ್' ಕೊಲೆಗಾರನನ್ನು ಹುಡುಗಿ ಎರಡು ಸಲ ಊಹಿಸಿ ಎರಡೂ ಸಲ ತಪ್ಪಿದಳು. ಯಾರೆಂದು ನಾನಿಲ್ಲಿ ಬಾಯಿಬಿಡುವುದಿಲ್ಲ. ಚಿತ್ರ ಮುಗಿದಾಗ ಹನ್ನೊಂದೂವರೆ. ನೀರಿಗೆ ಅಡುಗೆಮನೆಯ ತನಕ ಹೋಗಬೇಕಿತ್ತು. ಇಬ್ಬರೂ ಕೈ ಹಿಡಿದುಕೊಂಡೇ ಎದ್ದೆವು.