ಗೋಡೆಯ ಪರದೆ 'ಎಲ್ಲ ಕ್ಷೇಮ' ಎಂದರೆ ನಂಬಬಹುದೇ?

ಚಳಿ ನಾಡಿನ ಮನೆಗಳಲ್ಲಿ ಎರಡು ಉಪಕರಣಗಳು ಹಗಲಿರುಳೂ ಎಚ್ಚರವಾಗಿರುತ್ತವೆ. ಒಂದು, ಗೋಡೆಯ ಮೇಲಿನ ಥರ್ಮೋಸ್ಟಾಟ್. ಕೋಣೆಯ ಉಷ್ಣಾಂಶ ನಿಗದಿತ ಮಟ್ಟಕ್ಕಿಂತ ಇಳಿದಾಗ ಹೀಟರನ್ನು ಚಾಲೂ ಮಾಡುವುದು, ಏರಿದಾಗ ನಿಲ್ಲಿಸುವುದು ಅದರ ಕೆಲಸ. ಮತ್ತೊಂದು, ಚಾವಣಿಯ ಸ್ಮೋಕ್ ಡಿಟೆಕ್ಟರ್. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದರ ಪರಿಚಯ ಬಹುಮಟ್ಟಿಗೆ ಆಗುವುದು ಒಗ್ಗರಣೆಯ ಹೊತ್ತಿನಲ್ಲಿ. ಮೆಣಸಿನಕಾಯಿಯ ಘಾಟು ಪಡಸಾಲೆಗೆ ಬರುವ ಮೊದಲೇ ಅದರ ಕೂಗು ಬಂದಿರುತ್ತದೆ.

ಈ ಎರಡನ್ನೂ ಅಂತರ್ಜಾಲಕ್ಕೆ ಜೋಡಿಸಿ ಹೆಸರಾದದ್ದು ಕ್ಯಾಲಿಫೋರ್ನಿಯಾದ ನೆಸ್ಟ್ ಕಂಪನಿ. ಅದರ ಥರ್ಮೋಸ್ಟಾಟ್ 2011ರಲ್ಲಿ ಬಂದಿತು. ಹೊಗೆಯನ್ನೂ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನೂ ಪತ್ತೆ ಹಚ್ಚುವ 'ನೆಸ್ಟ್ ಪ್ರೊಟೆಕ್ಟ್' 2013ರಲ್ಲಿ. 2014ರಲ್ಲಿ ಗೂಗಲ್ ಈ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿಂದಾಚೆಗೆ ಹಳೆಯ ಟ್ಯಾಬ್ಲೆಟ್ಟನ್ನೋ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕೆ ಜೋಡಿಸಿದ ಮಾನಿಟರನ್ನೋ ಗೋಡೆಗೆ ತೂಗುಹಾಕಿ, ಗಡಿಯಾರ, ಹವಾಮಾನಗಳ ಜೊತೆಗೆ ಈ ಎರಡು ಉಪಕರಣಗಳ ಸ್ಥಿತಿಯನ್ನೂ ತೋರಿಸುವ ಹವ್ಯಾಸ ಬೆಳೆಯಿತು.

ಪರದೆಯ ಮೇಲೆ ಕಾಣುವುದು ಸರಳ. ಕೋಣೆಯ ಉಷ್ಣಾಂಶ 68 ಡಿಗ್ರಿ ಫ್ಯಾರನ್‌ಹೀಟ್, ಹೀಟರ್ ಚಾಲೂ ಇದೆ. ಅದರ ಕೆಳಗೆ ಹಸಿರು ವೃತ್ತ, ಅಂದರೆ ಹೊಗೆ ಇಲ್ಲ. ಆದರೆ ಈ ಎರಡು ಸಾಲುಗಳ ತೂಕ ಒಂದೇ ಅಲ್ಲ. ಒಂದು ಗಂಟೆ ಹಳೆಯದಾದ ಉಷ್ಣಾಂಶದಿಂದ ಯಾರಿಗೂ ಹಾನಿಯಿಲ್ಲ, ಹೆಚ್ಚೆಂದರೆ ಒಂದು ಶಾಲು ಹೊದೆಯಬೇಕಾದೀತು. ಒಂದು ಗಂಟೆ ಹಳೆಯದಾದ 'ಹೊಗೆ ಇಲ್ಲ' ಎಂಬ ಮಾತು ಮಾತ್ರ ಅಪಾಯಕಾರಿ.

ಸುದ್ದಿ ಹಳೆಯದಾಗುವುದೇಕೆ? ಚಾವಣಿಯ ಯಂತ್ರಕ್ಕೂ ಕೆಲವೇ ಅಡಿಗಳಾಚೆಯ ಪರದೆಗೂ ನೇರ ಮಾತುಕತೆ ಇರಲಿಲ್ಲ. ಯಂತ್ರವು ಮನೆಯ ವೈಫೈ ಮೂಲಕ ಕಂಪನಿಯ ಸರ್ವರ್‌ಗೆ ವರದಿ ಕಳುಹಿಸಬೇಕು. ಪರದೆಯು ಆ ಸರ್ವರನ್ನು ಕೇಳಿ ತಿಳಿದುಕೊಳ್ಳಬೇಕು. ನಡುವೆ ಎಲ್ಲಿ ತುಂಡಾದರೂ ಪರದೆಗೆ ಹೊಸ ಸುದ್ದಿ ಬಾರದು. ಅಜಾಗರೂಕತೆಯಿಂದ ಬರೆದ ತಂತ್ರಾಂಶವಾದರೆ ಕೊನೆಗೆ ಬಂದ ಹಸಿರು ವೃತ್ತವನ್ನೇ ತೋರಿಸುತ್ತ ಕೂರುತ್ತದೆ. ಮೌನವನ್ನೇ ಕ್ಷೇಮಸಮಾಚಾರವೆಂದು ಓದಿ ಹೇಳಿದಂತೆ ಇದು.

ನೆಸ್ಟ್ ಹೊರಗಿನವರಿಗೆ ನೀಡುತ್ತಿದ್ದ ಮಾಹಿತಿಯಲ್ಲಿ ಹಸಿರು, ಹಳದಿ, ಕೆಂಪುಗಳಲ್ಲದೆ ಬೂದು ಎಂಬ ನಾಲ್ಕನೆಯ ಬಣ್ಣವೂ ಇತ್ತು. ಸಂಪರ್ಕ ಕಡಿದಿದೆ, ಯಂತ್ರದ ಸ್ಥಿತಿ ತಿಳಿಯದು ಎಂಬುದು ಅದರ ಅರ್ಥ. ನಾಲ್ಕರಲ್ಲಿ ಅತ್ಯಂತ ಪ್ರಾಮಾಣಿಕವಾದ ಬಣ್ಣ ಇದೇ ಎನ್ನಬೇಕು. ಆದರೆ ಸರ್ವರಿನ ಸಂಪರ್ಕವೇ ತಪ್ಪಿದಾಗ ಬೂದು ಬಣ್ಣದ ಸೂಚನೆಯೂ ಬಾರದು. ಆದಕಾರಣ ಪರದೆಯೇ ಗಡಿಯಾರ ನೋಡಿಕೊಳ್ಳಬೇಕು: ಕೊನೆಯ ವರದಿ ಬಂದ ಸಮಯವನ್ನು ವೃತ್ತದ ಪಕ್ಕದಲ್ಲೇ ನಮೂದಿಸಬೇಕು, ನಿಗದಿತ ನಿಮಿಷಗಳು ಕಳೆದೊಡನೆ ತಾನಾಗಿಯೇ ಬೂದಾಗಬೇಕು.

ಸಂಪರ್ಕ ಕಡಿಯುವುದು ಕೇವಲ ತಾಂತ್ರಿಕ ದೋಷದಿಂದಲೇ ಆಗಬೇಕೆಂದಿಲ್ಲ. 'ವರ್ಕ್ಸ್ ವಿತ್ ನೆಸ್ಟ್' ಎಂಬ ವ್ಯವಸ್ಥೆಯಲ್ಲಿ ಹೊಸ ಜೋಡಣೆಗಳನ್ನು ಗೂಗಲ್ 2019ರ ಆಗಸ್ಟ್ 31ರಂದು ನಿಲ್ಲಿಸಿತು. ಇದ್ದವು ಕೆಲಕಾಲ ಉಸಿರಾಡಿ 2023ರಲ್ಲಿ ಕೊನೆಗೊಂಡವು. 2020ರಲ್ಲಿ ಬಂದ ಬದಲಿ ವ್ಯವಸ್ಥೆ 5 ಡಾಲರ್ ಶುಲ್ಕಕ್ಕೆ ಥರ್ಮೋಸ್ಟಾಟಿನ ಮಾಹಿತಿಯನ್ನು ಕೊಟ್ಟಿತೇ ಹೊರತು ಪ್ರೊಟೆಕ್ಟಿನದನ್ನು ಕೊಡಲಿಲ್ಲ. ಶಾಲು ಹೊದೆಯುವ ಸುದ್ದಿ ಪರದೆಯಲ್ಲಿ ಉಳಿಯಿತು, ಪ್ರಾಣದ ಸುದ್ದಿ ಹೋಯಿತು.

ಅಂತರ್ಜಾಲದ ನಂಟು ಬರೀ ತೊಡಕಲ್ಲ ಎಂಬುದನ್ನೂ ಹೇಳಬೇಕು. ಯಂತ್ರದ ಕೆಳಗೆ ಕೈ ಬೀಸಿ ಕೂಗನ್ನು ನಿಲ್ಲಿಸುವ ಸೌಲಭ್ಯ ಮೊದಲ ಪ್ರೊಟೆಕ್ಟಿನಲ್ಲಿತ್ತು. ನಿಜವಾದ ಬೆಂಕಿಯ ವೇಳೆ ಬೇರೆ ಚಲನೆಯಿಂದಲೂ ಕೂಗು ತಡವಾಗಬಹುದೆಂದು ತಿಳಿದಾಗ, 2014ರಲ್ಲಿ ಸುಮಾರು 4.40 ಲಕ್ಷ ಯಂತ್ರಗಳಲ್ಲಿ ಅದನ್ನು ರದ್ದುಗೊಳಿಸಬೇಕಾಯಿತು. ಸಂಪರ್ಕವಿದ್ದ ಯಂತ್ರಗಳನ್ನು ಯಾರೂ ಏಣಿ ಹತ್ತಿ ಇಳಿಸಬೇಕಾಗಲಿಲ್ಲ. ದೂರದಿಂದಲೇ ತಂತ್ರಾಂಶ ಬದಲಾಯಿತು. ಗೋಡೆಯ ಪರದೆಗೆ 'ಕೂಗು ನಿಲ್ಲಿಸು' ಗುಂಡಿ ಸೇರಿಸಲು ಹೊರಡುವವರು ಈ ಪ್ರಸಂಗವನ್ನು ನೆನೆಯುವುದು ಲೇಸು.

ಇದೀಗ ದಾರಿ ಬೇರೆಯಾಗಿದೆ. ವಿವಿಧ ಕಂಪನಿಗಳು ಒಪ್ಪಿಕೊಂಡ 'ಮ್ಯಾಟರ್' ಎಂಬ ಮಾನದಂಡದಲ್ಲಿ ಥರ್ಮೋಸ್ಟಾಟಿಗೆ 2022ರಲ್ಲಿಯೇ ಜಾಗ ಸಿಕ್ಕಿತ್ತು. ಹೊಗೆ ಸೂಚಕಗಳು 2023ರ ಅಕ್ಟೋಬರಿನ 1.2ನೇ ಆವೃತ್ತಿಯಲ್ಲಿ ಸೇರಿದವು. ಇದನ್ನು ಅಳವಡಿಸಿಕೊಂಡ ಉಪಕರಣಗಳು ಮನೆಯೊಳಗಿನ ಜಾಲದಲ್ಲೇ ಮಾತನಾಡಬಲ್ಲವು, ದೂರದ ಸರ್ವರಿನ ಹಂಗು ಬೇಕಿಲ್ಲ. ಪ್ರೊಟೆಕ್ಟಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಗೂಗಲ್ 2025ರ ಮಾರ್ಚಿನಲ್ಲಿ ಪ್ರಕಟಿಸಿತು. ಮನೆಗಳಲ್ಲಿ ಈಗಾಗಲೇ ಇರುವವು ತಮ್ಮ ಅವಧಿ ಮುಗಿಯುವವರೆಗೆ ನಡೆಯುತ್ತವೆ.

ಆ ಅವಧಿಯತ್ತ ಬಹಳ ಮಂದಿ ಗಮನ ಕೊಡುವುದಿಲ್ಲ. ಹೊಗೆ ಗುರುತಿಸುವ ಸಂವೇದಕ ಶಾಶ್ವತವಲ್ಲ. ಎರಡನೆಯ ತಲೆಮಾರಿನ ಪ್ರೊಟೆಕ್ಟಿನ ಆಯುಷ್ಯ 10 ವರ್ಷ. ಪರದೆಯಲ್ಲಿ ಒಂದು ಮೂಲೆ ಖಾಲಿಯಿದ್ದರೆ ಅಲ್ಲಿ ಕಾಣಬೇಕಾದದ್ದು ಬ್ಯಾಟರಿಯ ಸ್ಥಿತಿ ಮತ್ತು ಈ ಕೊನೆಯ ದಿನಾಂಕ. ಪರದೆ ಆರಿಹೋದರೂ, ವೈಫೈ ಇಲ್ಲದಿದ್ದರೂ ಚಾವಣಿಯ ಯಂತ್ರ ತನ್ನಷ್ಟಕ್ಕೆ ಕೂಗುತ್ತದೆ. ಅದು ಕೂಗಬಲ್ಲದೇ ಎಂಬುದನ್ನು ತಿಳಿಯಲು ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.